ಸಾರು ಒಲ್ಲದ ತಿರುಮಲರಾಯರು

ಮೈಸೂರಿನಲ್ಲಿ ಹುಟ್ಟಿ ಬೆಳೆದು ಸಾರು ತಿನ್ನದವರನ್ನು ನಾನು ಕಂಡಿದ್ದು ಒಬ್ಬರನ್ನೇ. ಬಡಿಸುವವರು ಸಾರಿನ ಪಾತ್ರೆ ಹಿಡಿದು ಹತ್ತಿರ ಬಂದರೆ ಸಾಕು, ತಿರುಮಲರಾಯರ ಎಡಗೈ ತಟ್ಟೆಯ ಮೇಲೆ ಬಂದುಬಿಡುತ್ತಿತ್ತು. ಬೇಡ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನರ ಎದ್ದ ಆ ಉದ್ದ ಬೆರಳುಗಳನ್ನು ಅನ್ನದ ಮೇಲೆ ಅಗಲವಾಗಿ ಹರಡಿ ಹಿಡಿಯುತ್ತಿದ್ದರು. ಬಿಸಿ ಅನ್ನದ ಹಬೆ ಬೆರಳ ಸಂದಿನಿಂದ ಮೇಲೇಳುತ್ತಿತ್ತು. ಸುಡುವುದಿಲ್ಲವೇ ಎಂದು ನನಗೆ ಆತಂಕ. ಸೌಟು ಪಕ್ಕದ ತಟ್ಟೆಗೆ ದಾಟುವವರೆಗೆ ಅವರು ಕೈ ತೆಗೆಯುತ್ತಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಮಜ್ಜಿಗೆಗೆ ಹೋಗೋಣ ಲಲಿತಮ್ಮ" ಎನ್ನುತ್ತಿದ್ದರು, ಸಭೆಯಲ್ಲಿ ಒಂದು ವಿಷಯ ಬಿಟ್ಟು ಮುಂದಿನದಕ್ಕೆ ಹೋಗುವವರ ಹಾಗೆ.

ಎಂಬತ್ತರ ದಶಕದ ಮಾತು. ನಾವಾಗ ಕ್ಯೂಪರ್ಟಿನೋದಲ್ಲಿ ಹೊಸದಾಗಿ ಮನೆ ಕೊಂಡಿದ್ದೆವು. ರಾಯರು ಪಕ್ಕದ ಸರಟೋಗಾದ ಗುಡ್ಡದ ಮೇಲೆ ಮಗಳು ವಸುಧಾಳ ಮನೆಯಲ್ಲಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗಳೇ ಹಟ ಮಾಡಿ ಕರೆಸಿಕೊಂಡಿದ್ದಳು. ವಸುಧಾಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಕೆಲಸ. ಬೆಳಗಿನ ಮಂಜು ಕರಗುವ ಮೊದಲೇ ಫ್ರೀವೇ ಹಿಡಿದರೆ ಅವಳು ಮನೆ ಸೇರುವ ಹೊತ್ತಿಗೆ ಸಂಜೆಯಾಗುತ್ತಿತ್ತು. ನಾನು ಆಗಷ್ಟೇ ಲೈಸೆನ್ಸು ತೆಗೆದುಕೊಂಡಿದ್ದೆ. ಗುರುವಾರ ಅಪ್ಪನನ್ನು ಸ್ವಲ್ಪ ಹೊರಗೆ ಕರೆದುಕೊಂಡು ಹೋಗ್ತೀಯಾ ಅಕ್ಕಾ ಎಂದು ಅವಳು ಕೇಳಿದಳು. ಹಾಗೆ ಶುರುವಾದದ್ದು. ಗುರುವಾರ ಲೈಬ್ರರಿ, ಆಮೇಲೆ ನಮ್ಮ ಮನೆಯಲ್ಲಿ ಊಟ.

ನಾನು ಗುಡ್ಡ ಹತ್ತಿ ಹೋಗುವಷ್ಟರಲ್ಲಿ ಅವರು ಬಾಗಿಲಲ್ಲೇ ನಿಂತಿರುತ್ತಿದ್ದರು. ಇಸ್ತ್ರಿ ಮಾಡಿದ ಷರಟು, ಬೂದು ಬಣ್ಣದ ಟೈ, ಜೇಬಿನಲ್ಲಿ ಎರಡು ಪೆನ್ನು. ಲೈಬ್ರರಿಗೆ ಟೈ ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, ಅಲ್ಲಿರುವವರು ಕೆಲಸದಲ್ಲಿದ್ದಾರಲ್ಲ ಎಂದಿದ್ದರು. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ನನಗೆ ಈ ಉತ್ತರ ತುಂಬ ಹಿಡಿಸಿತು. ಬೆಳಗಿನ ಪ್ರಾರ್ಥನೆಯಲ್ಲಿ ನಮ್ಮ ಸಿಸ್ಟರು ಕರ್ಚೀಫಿನ ಮಡಿಕೆಯನ್ನೂ ಬಿಡದೆ ನೋಡುತ್ತಿದ್ದರು. ಅಂಥವರ ಕೈಕೆಳಗೆ ಬೆಳೆದವಳಿಗೆ ಮಡಿಕೆ ಕೆಡದ ಮನುಷ್ಯರ ಮೇಲೆ ಒಂದು ಮಮತೆ ಇರುತ್ತದೆ.

ಅವರ ಬಾಯಿಗೆ ಕಛೇರಿಯ ಮಾತು ಅಂಟಿಕೊಂಡಿತ್ತು. ನನ್ನ ಅಡುಗೆಮನೆಗೂ ಅವರು ಸಿಬ್ಬಂದಿ ನೇಮಿಸಿದ್ದರು. ಉಪ್ಪಿನಕಾಯಿ ಕಾಯಂ ನೌಕರ, ಪಲ್ಯ ದಿನಗೂಲಿ. ಹೊಸದಾಗಿ ಬಂದ ಮೈಕ್ರೋವೇವು ಬೇರೆ ಇಲಾಖೆಯಿಂದ ಎರವಲು ಬಂದವನು, ಅವನ ಮೇಲೆ ಪೂರ್ತಿ ಭಾರ ಹಾಕಬೇಡಿ ಎಂದು ನನಗೆ ಬುದ್ಧಿ ಹೇಳುತ್ತಿದ್ದರು. ತಮ್ಮ ವಿಷಯವನ್ನೂ ಬಿಡುತ್ತಿರಲಿಲ್ಲ. "ವಸುಧಾ ಮನೇಲಿ ನಂದು ಮಂಜೂರಾದ ಹುದ್ದೆ ಅಲ್ಲಮ್ಮ. ತೆಗೆದುಹಾಕೋಕೆ ಮನಸ್ಸಿಲ್ಲದೆ ಮುಂದುವರಿಸ್ತಿದಾಳೆ." ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ಅವರದು ಇನ್ನೊಂದು ವಿಚಿತ್ರ ಸ್ವಭಾವ. ಸಹಿಯಾಗದ ಕಾಗದ ಕಣ್ಣಿಗೆ ಬಿದ್ದರೆ ಅವರಿಗೆ ಕೂರಲಾಗುತ್ತಿರಲಿಲ್ಲ. ನನ್ನ ಮಗಳು ದೀಪಾಳ ಸ್ಕೂಲಿನಿಂದ ಮಕ್ಕಳನ್ನು ಸಮುದ್ರತೀರಕ್ಕೆ ಕರೆದುಕೊಂಡು ಹೋಗುವವರಿದ್ದರು. ನಾನು ಒಪ್ಪಿಗೆ ಕೊಡಬೇಕಾದ ಕಾಗದ ಫ್ರಿಜ್ಜಿನ ಬಾಗಿಲಿಗೆ ಸ್ಟ್ರಾಬೆರಿ ಆಕಾರದ ಮ್ಯಾಗ್ನೆಟ್ಟಿನಡಿ ಸಿಕ್ಕಿಕೊಂಡು ಕೂತಿತ್ತು. ಊಟಕ್ಕೆ ಕೂತ ರಾಯರ ಕಣ್ಣು ಅನ್ನದ ಮೇಲಿಲ್ಲ, ಅದರ ಮೇಲೆ. ಎರಡು ತುತ್ತು ತಿಂದವರು ಎದ್ದು ಹೋಗಿ ಅದನ್ನು ತೆಗೆದುಕೊಂಡು ಬಂದು ನನ್ನ ತಟ್ಟೆಯ ಪಕ್ಕ ಇಟ್ಟು, ಜೇಬಿನ ಪೆನ್ನು ಬಿಚ್ಚಿ ಹಿಡಿದರು.

"ತಾತ, ಇಟ್ಸ್ ಡ್ಯೂ ನೆಕ್ಸ್ಟ್ ಫ್ರೈಡೇ" ಎಂದಳು ಅವತ್ತು ಸ್ಕೂಲು ಬೇಗ ಬಿಟ್ಟು ಬಂದಿದ್ದ ದೀಪಾ.

"ಇರಲಿ ಪುಟ್ಟಿ. ಅಮ್ಮ ಇವತ್ತೇ ಹಾಕ್ತಾರೆ. ಕಾಗದ ಮಲಗಿದಷ್ಟು ದಿನ ಯಾರೋ ಒಬ್ಬರು ಬಾಗಿಲಾಚೆ ನಿಂತಿರ್ತಾರೆ."

ಎಡಗೈಯಲ್ಲಿ ಸಹಿ ಹಾಕಲು ಹೋಗಿ ನನ್ನ ಹೆಸರು ಸೊಟ್ಟಗಾಯಿತು. ಅವರು ಅದನ್ನು ದೀಪಾಳ ಬ್ಯಾಗಿನೊಳಗೆ ತಾವೇ ಇಟ್ಟು ಬಂದು, ಆಮೇಲೆ ಊಟ ಮುಗಿಸಿದರು. ಅವರು ಹೋದ ಮೇಲೆ ದೀಪಾ, ತಾತ ಯಾಕೆ ರಸಂ ಲೈಕ್ ಮಾಡಲ್ಲ ಎಂದು ಇಂಗ್ಲಿಷು ಬೆರೆಸಿ ಕೇಳಿದಳು. ವಯಸ್ಸಾದವರಿಗೆ ಹುಳಿ ಆಗುವುದಿಲ್ಲ ಎಂದೆ. ನಾನೂ ಹಾಗೆಯೇ ನಂಬಿದ್ದೆ. ಆದರೆ ಅದೇ ರಾಯರು ನನ್ನ ಹುಣಿಸೆ ಗೊಜ್ಜನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು.

ನಮ್ಮ ಕನ್ನಡ ಬಳಗದ ಯುಗಾದಿ ಊಟ ಆ ವರ್ಷ ಒಂದು ಸ್ಕೂಲಿನ ಕೆಫೆಟೇರಿಯಾದಲ್ಲಿ. ಅಡುಗೆಮನೆಯೊಳಗೆ ಇಷ್ಟು ಜನಕ್ಕಿಂತ ಹೆಚ್ಚು ಬರಕೂಡದೆಂದು ಸ್ಕೂಲಿನವರು ಹೇಳಿದ್ದರು. ಸಹಾಯಕ್ಕೆ ಬರುತ್ತೇವೆಂದವರ ಹೆಸರು ಅದಕ್ಕಿಂತ ಜಾಸ್ತಿ ಇತ್ತು. ಕಾರ್ಯದರ್ಶಿ ಮಂಡ್ಯದ ಹುಡುಗ, ಮಾತಿನಲ್ಲಿ ಚುರುಕು. ಸಾರ್, ನೀವು ದೊಡ್ಡ ದೊಡ್ಡ ಎಂಬೆಸಿ ನಡೆಸಿದೋರು, ಇದರಲ್ಲಿ ಯಾರನ್ನ ಬಿಡೋದು ಅಂತ ನೀವೇ ಗೀಟು ಹಾಕಿಕೊಡಿ, ನಾನು ಹಾಕಿದ್ರೆ ಹೆಂಗಸರು ನನ್ನನ್ನೇ ಹುರಿದು ತಿಂತಾರೆ ಎಂದು ಹೆಸರಿನ ಪಟ್ಟಿಯನ್ನು ಅವರ ಮುಂದೆ ಹಿಡಿದ. ರಾಯರು ಅದನ್ನು ಮುಟ್ಟಲಿಲ್ಲ. ಕೈ ಎರಡೂ ಬೆನ್ನ ಹಿಂದೆ ಹೋದವು. "ಹೆಸರು ಸೇರಿಸೋದಿದ್ರೆ ಹೇಳಿ. ತೆಗೆಯೋ ಕೆಲಸಕ್ಕೆ ಬೇರೆಯವರನ್ನ ನೋಡ್ಕೊಳ್ಳಿ" ಎಂದರು. ದನಿ ಏರಿರಲಿಲ್ಲ, ಆದರೂ ಆ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಮುದುಕರ ಗತ್ತು ನೋಡಿ ಎಂದು ಜನ ಆಡಿಕೊಂಡರು. ನನ್ನ ಯಜಮಾನರೂ ಕಾರಿನಲ್ಲಿ ಅದನ್ನೇ ಹೇಳಿದರು. ನನಗೆ ಮಾತ್ರ ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದ ಆ ಎರಡು ಕೈಗಳೇ ಕಣ್ಣಮುಂದೆ ಇದ್ದವು.

ಅವರ ಹಿಂದಿನ ಕೆಲಸದ ವಿಷಯ ನನಗೆ ಚೂರುಚೂರಾಗಿ ತಿಳಿದದ್ದು. ಯುದ್ಧ ಮುಗಿದು ಜಪಾನು ಸೋತು, ಗೆದ್ದವರು ಅಲ್ಲಿ ಆಡಳಿತ ನಡೆಸುತ್ತಿದ್ದ ಕಾಲದಲ್ಲಿ ನಮ್ಮ ದೇಶದ್ದೂ ಒಂದು ನಿಯೋಗ ಟೋಕಿಯೋದಲ್ಲಿತ್ತಂತೆ. ರಾಯರು ಅದರ ಸಿಬ್ಬಂದಿಯ ವಿಷಯ ನೋಡಿಕೊಳ್ಳುವ ಅಧಿಕಾರಿ. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾರಿಗೆ ಯಾವ ಕೋಣೆ, ಊರಿಗೆ ಹಿಂದಿರುಗುವವರು ಯಾವ ಹಡಗಿಗೆ, ಎಲ್ಲ ಇವರ ಮೇಜಿನ ಮೇಲೆ ತೀರ್ಮಾನವಾಗಬೇಕು. "ರಾಯಭಾರಿ ಏನು ಮಾತಾಡಿದ ಅನ್ನೋದು ಪೇಪರಿನಲ್ಲಿ ಬರುತ್ತೆ. ಅವನ ಕೋಣೆಗೆ ಕಲ್ಲಿದ್ದಲು ಹಾಕಿದ್ದು ಯಾರು ಅನ್ನೋದು ಬರಲ್ಲ. ಅದು ನನ್ನ ಖಾತೆ" ಎಂದಿದ್ದರು ಒಮ್ಮೆ. ಸುಟ್ಟ ಊರು, ಬೂದಿ ಬಣ್ಣದ ಚಳಿ, ಊಟಕ್ಕಾಗಿ ರೇಷ್ಮೆ ಸೀರೆಯಂಥ ಉಡುಪುಗಳನ್ನು ಮಾರಲು ನಿಂತ ಹೆಂಗಸರು. ಇಷ್ಟನ್ನು ಹೇಳಿ ನಿಲ್ಲಿಸಿಬಿಡುತ್ತಿದ್ದರು. ನಾನು ಬಿಡಿಸಿ ಕೇಳುತ್ತಿರಲಿಲ್ಲ.

ಪ್ಲೆಸೆಂಟನ್ನಿನಲ್ಲಿ ಒಬ್ಬರ ಮನೆಯ ಸತ್ಯನಾರಾಯಣ ಪೂಜೆಗೆ ಹೋದಾಗ ನನಗೆ ಶಾಮಣ್ಣ ಸಿಕ್ಕಿದರು. ಗುಂಡಗೆ, ಗಿಡ್ಡಗೆ, ಮೈಸೂರು ಪಂಚೆಯ ಮೇಲೆ ಮಗನ ದೊಡ್ಡ ಸ್ವೆಟರು ಹಾಕಿಕೊಂಡು ಅಡುಗೆಮನೆಯಲ್ಲಿ ಹೆಂಗಸರನ್ನೆಲ್ಲ ಪಕ್ಕಕ್ಕೆ ಸರಿಸಿ ಸಜ್ಜಿಗೆ ಕೆದಕುತ್ತಿದ್ದರು. ಮಗ ಅಲ್ಲೇ ಇಂಜಿನಿಯರು, ಇವರು ಕೆಲವು ತಿಂಗಳಿಗೆಂದು ಬಂದಿದ್ದವರು. ನಿಮ್ಮ ಕೈರುಚಿ ಎಲ್ಲಿಯದು ಎಂದು ಕೇಳಿದ್ದಕ್ಕೆ, ನಾನು ಟೋಕಿಯೋದಲ್ಲೇ ಸಾರು ಕುದಿಸಿದವನು ತಾಯಿ, ಇದ್ಯಾವ ಮಹಾ ಎಂದರು. ಅಲ್ಲಿ ತಿರುಮಲರಾಯರು ಎಂಬವರು ನಿಮಗೆ ಗೊತ್ತೇ ಎಂದೆ. ಶಾಮಣ್ಣ ಒಲೆಯ ಮುಂದೆಯೇ ಕೈಮುಗಿದುಬಿಟ್ಟರು. ಅವರೇ ನನಗೆ ಅನ್ನ ಕೊಟ್ಟ ಸ್ವಾಮಿ, ಬದುಕಿದ್ದಾರೆಯೇ ಎಂದು ಕೇಳಿದರು.

ಗುರುವಾರ ನಾನು ಈ ಸುದ್ದಿಯನ್ನು ಉಡುಗೊರೆ ಕೊಡುವವಳಂತೆ ರಾಯರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಇಟ್ಟರು. ಅದರ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಕೂರಿಸಿದರು. ಆ ಮಧ್ಯಾಹ್ನ, ನಾನು ಪಾತ್ರೆ ಒರೆಸುತ್ತಿರುವಾಗ, ಅವರು ಮೊದಲ ಸಲ ಪೂರ್ತಿ ಹೇಳಿದರು.

ನಿಯೋಗ ಇದ್ದದ್ದು ಯಾರೋ ಹಳೆಯ ಶ್ರೀಮಂತರ ದೊಡ್ಡ ಮನೆಯಲ್ಲಿ. ಕೋಣೆ ಕೋಣೆಗೂ ಕಲ್ಲಿದ್ದಲಿನ ಒಲೆ. ಅವನ್ನೆಲ್ಲ ಹತ್ತಿಸಿ ನೋಡಿಕೊಳ್ಳಲು ಸುಮಿ ಎಂಬ ಹೆಂಗಸು ಮೊದಲಿನಿಂದ ಇದ್ದಳು. ಗಂಡ ಯುದ್ಧದಿಂದ ಹಿಂತಿರುಗಲಿಲ್ಲ. ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಅವಳೂ ಅವಳ ಪುಟ್ಟ ಮಗಳೂ ಇರುತ್ತಿದ್ದರು. ಆ ಊರಿನಲ್ಲಿ ಆಗ ಕೆಲಸವೆಂದರೆ ಸಂಬಳವಷ್ಟೇ ಅಲ್ಲ, ಬೆಚ್ಚಗಿನ ಗೋಡೆ ಮತ್ತು ಒಂದು ಹೊತ್ತಿನ ಊಟ. ಅವಳನ್ನು ಕಾಯಂ ಮಾಡುವ ಕಾಗದ ರಾಯರ ಮೇಜಿನ ಮೇಲೆ ಬಂದಿತ್ತು. ಅವಸರವೇನು, ಅವಳು ಎಲ್ಲಿಗೆ ಹೋಗುತ್ತಾಳೆ ಎಂದು ಅದು ಅಲ್ಲೇ ಉಳಿಯಿತು.

ಶಾಮಣ್ಣ ಬಂದದ್ದು ಅವಳ ನಂತರ. ಅಡುಗೆಯವನ ಹುದ್ದೆ ಮಂಜೂರಾಗಿರಲಿಲ್ಲ. ಆದರೆ ಮಾಂಸ ಮುಟ್ಟದ ನಮ್ಮ ಕಡೆಯ ಅಧಿಕಾರಿಗಳು ಬ್ರೆಡ್ಡು, ಬೇಯಿಸಿದ ಕೋಸು ತಿಂದು ಸೊರಗಿಹೋಗಿದ್ದರಂತೆ. ಮುಖ್ಯಸ್ಥರು ಶಾಮಣ್ಣನನ್ನು ಕಾಗದದ ಮೇಲೆ ಜವಾನನೆಂದು ಮಾಡಿ ಹಡಗಿನಲ್ಲಿ ಕರೆಸಿಕೊಂಡರು. ಮೊದಲ ದಿನ ಸಾರಿನ ಒಗ್ಗರಣೆಯ ಘಾಟಿಗೆ ದೊಡ್ಡ ದೊಡ್ಡ ಅಧಿಕಾರಿಗಳು ಫೈಲು ಬಿಟ್ಟು ಮೆಟ್ಟಿಲಿಳಿದು ಬಂದರಂತೆ. ಅದನ್ನು ಹೇಳುವಾಗ ರಾಯರ ಮುಖ ಒಂದು ಕ್ಷಣ ಅರಳಿತು.

ಆಮೇಲೆ ದಿಲ್ಲಿಯಿಂದ ಆದೇಶ. ಕೆಳದರ್ಜೆಯಲ್ಲಿ ಒಬ್ಬರನ್ನು ಕಡಿಮೆ ಮಾಡಿ. ಕೊನೆಗೆ ಬಂದವರು ಮೊದಲು ಹೋಗಬೇಕು, ಅದು ನಿಯಮ. ಕೊನೆಗೆ ಬಂದವನು ಶಾಮಣ್ಣ. ಅಂದಿನಿಂದ ಊಟದ ಮೇಜಿನಲ್ಲಿ ಯಾರೂ ರಾಯರೊಡನೆ ಆ ವಿಷಯ ಎತ್ತಲಿಲ್ಲ. ಸಾರು ಬಡಿಸಿಕೊಳ್ಳುತ್ತ ಒಬ್ಬೊಬ್ಬರೂ ಇವರ ಮುಖ ನೋಡುತ್ತಿದ್ದರು, ಅಷ್ಟೇ.

"ಇನ್ನೊಂದು ನಿಯಮ ಇತ್ತು. ಕಾಯಂ ಆಗದವರು ಎಲ್ಲರಿಗಿಂತ ಮೊದಲು ಹೋಗಬೇಕು. ಶಾಮಣ್ಣನನ್ನ ಕಾಯಂ ಮಾಡೋ ಕಾಗದಕ್ಕೆ ಅವನು ಬಂದ ವಾರವೇ ಸಹಿ ಹಾಕಿದ್ದೆ. ಅವಳದು ಇನ್ನೂ ನನ್ನ ಮೇಜಿನ ಮೇಲೇ ಇತ್ತು. ನಾನು ಬರೆದದ್ದರಲ್ಲಿ ಇವತ್ತಿಗೂ ಯಾರೂ ತಪ್ಪು ಹುಡುಕೋಕೆ ಆಗಲ್ಲ, ಲಲಿತಮ್ಮ."

ಚಳಿಗಾಲದ ನಡುವೆ ಅವಳು ಮಗುವನ್ನು ಕಟ್ಟಿಕೊಂಡು ಹಿಂಬಾಗಿಲಿನಿಂದ ಹೋದಳು. ರಾಯರ ಕೋಣೆಯ ಕಿಟಕಿ ಮುಂದಿನ ರಸ್ತೆಗಿತ್ತು. ಮುಂದೆ ಅವರಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಅವಳು ಏನಾದಳೆಂದು ಅವರು ಯಾರನ್ನೂ ಕೇಳಲಿಲ್ಲ. ಕೇಳಿದರೆ ಯಾರಾದರೂ ಹೇಳಿಬಿಡುತ್ತಾರೆಂಬ ಭಯ. ಈಗ ಎಪ್ಪತ್ತು ದಾಟಿ, ಜಪಾನಿನ ಕಡೆಗೇ ಮುಖ ಮಾಡಿದ ಈ ಸಮುದ್ರದ ದಡದಲ್ಲಿ ಕೂತು, ಅವರಿಗೆ ಬೇಕಾಗಿದ್ದದ್ದು ಅದೊಂದೇ. ಅವಳು ಬದುಕಿದಳೇ? ಮಗು ಬದುಕಿತೇ?

"ಶಾಮಣ್ಣ ಇದ್ದದ್ದು ಅಡುಗೆಮನೇಲಿ. ಹಿಂಬಾಗಿಲು ಅವನಿಗೆ ಕಾಣಿಸ್ತಿತ್ತು. ಕರೀರಿ ಅವನ್ನ" ಎಂದರು.

ಒಂದು ಭಾನುವಾರ ಮಧ್ಯಾಹ್ನದ ಊಟಕ್ಕೆ ಕರೆದೆ. ಶಾಮಣ್ಣನ ಮಗ ಅವರನ್ನು ಬೆಳಿಗ್ಗೆಯೇ ನಮ್ಮಲ್ಲಿ ಬಿಟ್ಟು ಯಾವುದೋ ಕೆಲಸದ ಮೇಲೆ ಹೋದ. ರಾಯರು ಬರುವುದು ಇನ್ನೂ ತಡ. ಶಾಮಣ್ಣ ಬಂದವರೇ ಸ್ವೆಟರು ಕಳಚಿ ಪಂಚೆ ಮೇಲೆ ಕಟ್ಟಿ, ನನ್ನ ಸಾರಿನಪುಡಿಯ ಡಬ್ಬವನ್ನು ಮೂಸಿ, ಮುಚ್ಚಳ ಹಾಕಿ ಹಿಂದಕ್ಕೆ ತಳ್ಳಿದರು. ಇದು ಅಂಗಡೀದು, ರಾಯರಿಗೆ ನಡೆಯಲ್ಲ ಎಂದು ತಾವೇ ಕೊತ್ತಂಬರಿ ಬೀಜ, ಮೆಣಸು, ಜೀರಿಗೆ ಹುರಿಯಲು ನಿಂತರು. ಮನೆ ಪೂರ್ತಿ ಘಮ ತುಂಬಿತು. ರಾಯರು ಈಗಲೂ ಸಾರು ಅಂದರೆ ಪ್ರಾಣ ಬಿಡುತ್ತಾರಾ ಎಂದು ಕೇಳಿದರು.

ಅವರು ಸಾರು ತಿನ್ನುವುದಿಲ್ಲ ಎಂದೆ. ಎಂದಿನಿಂದ ಎಂದು ಕೇಳಿದರು. ವಸುಧಾ ಹುಟ್ಟಿದ ಮೇಲೆ ಅವಳಂತೂ ನೋಡಿಯೇ ಇಲ್ಲವಂತೆ ಎಂದೆ. ಸುಮಿಯ ವಿಷಯ ಕೇಳಬೇಕೆಂದೇ ನಿಮ್ಮನ್ನು ಕರೆಸಿದ್ದಾರೆ ಎಂದೂ ಹೇಳಿದೆ. ಶಾಮಣ್ಣನ ಕೈ ನಿಂತಿತು. ಜೀರಿಗೆ ಕಪ್ಪಗಾಗುತ್ತ ಬಂತು. ನಾನೇ ಒಲೆ ಆರಿಸಿದೆ.

"ಆಯಮ್ಮ ಹೋದಮೇಲೂ ಹಿಂಬಾಗಿಲಿಗೆ ಬರೋಳು ತಾಯಿ," ಎಂದರು ಬಾಣಲೆಯನ್ನೇ ನೋಡುತ್ತ. "ಒಂದು ತಗಡಿನ ಡಬ್ಬ ಹಿಡ್ಕೊಂಡು. ಮಿಕ್ಕಿದ ಅನ್ನ, ಸಾರು ಹಾಕಿಕೊಡ್ತಿದ್ದೆ. ಆ ಮಗೂಗೆ ನಮ್ಮ ಸಾರು ಅಂದ್ರೆ ಭಾಳ ಇಷ್ಟ. ಖಾರಕ್ಕೆ ಮೂಗು ಸುರಿಸ್ಕೊಂಡು ಕುಡಿಯೋದು. ಆಮೇಲೆ ಆಯಮ್ಮ ಒಬ್ಬಳೇ ಬರಕ್ಕೆ ಶುರು ಮಾಡಿದ್ಲು. ಸಾರು ಹಾಕಕ್ಕೆ ಹೋದ್ರೆ ಡಬ್ಬದ ಮೇಲೆ ಕೈ ಇಟ್ಟುಬಿಡೋಳು, ಅನ್ನ ಸಾಕು ಅಂತ. ಮಗು ಎಲ್ಲಿ ಅಂತ ಕೇಳಕ್ಕೆ ನಂಗೆ ಅವರ ಭಾಷೆ ಬರ್ತಿರಲಿಲ್ಲ. ಬಂದಿದ್ರೂ ಕೇಳ್ತಿರಲಿಲ್ಲ. ಆಮೇಲೆ ಅವಳೂ ಬರಲಿಲ್ಲ."

ಸುಟ್ಟ ಜೀರಿಗೆಯನ್ನು ಅವರು ಕಸಕ್ಕೆ ಹಾಕಿ, ಬಾಣಲೆ ಒರೆಸಿ, ಮತ್ತೆ ಮೊದಲಿನಿಂದ ಹುರಿದರು. ಈ ವಿಷಯ ರಾಯರಿಗೆ ಹೇಳುತ್ತೀರಾ ಎಂದು ನಾನು ಕೇಳಿದೆ. ಅವರು, ನನ್ನ ಬದಲಿಗೇ ಅವಳು ಹೋದದ್ದು ತಾಯಿ, ಎಂದು ಮಾತ್ರ ಗೊಣಗಿಕೊಂಡರು.

ರಾಯರು ಬಂದಾಗ ಶಾಮಣ್ಣ ಕಾಲಿಗೆ ಬೀಳಲು ಹೋದರು. ರಾಯರು ತಡೆದು, ತೋಳು ಹಿಡಿದು ತಮ್ಮ ಎದುರು ಕೂರಿಸಿಕೊಂಡರು. ಅದೇ ಬೂದು ಟೈ. ಮೊದಲು ಹಡಗಿನ ಮಾತು, ಸತ್ತವರ ಮಾತು, ಮಗನ ಕೆಲಸ, ಮೊಣಕಾಲು ನೋವು. ಅನ್ನ ಬಡಿಸಿದೆ. ರಾಯರು ಅನ್ನವನ್ನು ಮುಟ್ಟದೆ, ಕಡತ ಕೇಳುವ ದನಿಯಲ್ಲಿ ಕೇಳಿದರು.

"ಶಾಮಣ್ಣ, ಆ ಒಲೆ ಹತ್ತಿಸ್ತಿದ್ದ ಹೆಂಗಸು. ಅವಳೇನಾದ್ಲು?"

"ಯಾರು ಸ್ವಾಮಿ, ಸುಮೀನಾ?" ಎಂದರು ಶಾಮಣ್ಣ, ಎಷ್ಟೋ ಹೊತ್ತು ನೆನಪು ಮಾಡಿಕೊಂಡವರಂತೆ. "ಅವಳಿಗೇನು, ಚೆನ್ನಾಗೇ ಇದ್ಲು. ಹತ್ತಿರದಲ್ಲೇ ಇನ್ನೊಂದು ದೇಶದವರ ಕಛೇರಿ ಇತ್ತಲ್ಲ, ಅಲ್ಲಿ ಸೇರ್ಕೊಂಡ್ಲು. ನಮಗಿಂತ ದೊಡ್ಡ ಕೋಣೆ ಕೊಟ್ಟಿದ್ರಂತೆ. ಹಬ್ಬಕ್ಕೆ ಮಗೂನ ಕರ್ಕೊಂಡು ಬಂದಿದ್ಲು, ನನ್ನ ಕೈಲಿ ಸಾರು ಹಾಕಿಸ್ಕೊಂಡು ಹೋದ್ಲು."

ನಾನು ಕೈಯಲ್ಲಿದ್ದ ನೀರಿನ ಜಗ್ಗನ್ನು ನೋಡುತ್ತ ನಿಂತೆ. ರಾಯರು ಶಾಮಣ್ಣನ ಮುಖವನ್ನು ನೋಡಿದರು. ಆಮೇಲೆ, ನಿಧಾನವಾಗಿ, ಸಂತೋಷ ಎಂದರು. ಶಾಮಣ್ಣ ಎದ್ದು ಸಾರಿನ ಪಾತ್ರೆಯನ್ನು ತಾವೇ ಹಿಡಿದು ಬಂದರು. ನನ್ನ ಕಣ್ಣು ರಾಯರ ಎಡಗೈಯ ಮೇಲೆ. ಅದು ತೊಡೆಯ ಮೇಲಿತ್ತು, ಏಳಲಿಲ್ಲ. ಸಾರು ಅನ್ನದ ಮೇಲೆ ಬಿತ್ತು. ರಾಯರು ಕಲಸಿ, ಒಂದು ಅಗುಳೂ ಬಿಡದೆ ತಿಂದರು. ಇನ್ನೊಂದು ಸೌಟು ಎಂದರೆ ಅದನ್ನೂ ಹಾಕಿಸಿಕೊಂಡರು. ನನ್ನ ಯಜಮಾನರು ಮೇಜಿನಾಚೆಯಿಂದ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು, ನೋಡಿದೆಯಾ ಎಂದು. ಶಾಮಣ್ಣನ ಮುಖದಲ್ಲಿ ನೀರಿಳಿಯುತ್ತಿತ್ತು, ಮೆಣಸಿನ ಘಾಟು ಎಂದು ಪಂಚೆಯ ತುದಿಯಿಂದ ಒರೆಸಿಕೊಂಡರು. ನನಗೂ ಎದೆ ಹಗುರವಾಯಿತು. ಸುಳ್ಳು ಒಬ್ಬ ಮುದುಕರಿಗೆ ಇಷ್ಟು ಹಸಿವು ತರುವುದಾದರೆ ಅದರಲ್ಲೇನು ಪಾಪ ಎಂದುಕೊಂಡೆ.

ಊಟವಾದ ಮೇಲೆ ರಾಯರನ್ನು ಮನೆಗೆ ಬಿಡಲು ನಾನೇ ಹೊರಟೆ. ಬಿಸಿಲು ಚೆನ್ನಾಗಿತ್ತು. ಸರಟೋಗಾದ ಏರಿನಲ್ಲಿ ಯಾರದೋ ಮನೆಯ ಮುಂದೆ ಒಬ್ಬ ಜಪಾನಿ ಮಾಲಿ ಬೇಲಿಗಿಡ ಕತ್ತರಿಸುತ್ತಿದ್ದ. ಬೇರೆ ದಿನ ಅಂಥವರನ್ನು ಕಂಡರೆ ರಾಯರು ಕಿಟಕಿಯೊಳಗಿನಿಂದಲೇ ತಲೆ ಬಾಗಿಸುತ್ತಿದ್ದರು. ಅಂದು ಅವರು ಆ ಕಡೆ ನೋಡಲಿಲ್ಲ.

"ಶಾಮಣ್ಣ ಒಳ್ಳೆಯವನು" ಎಂದರು. ಹೌದು ಎಂದೆ. "ಅವನು ಹೇಳಿದ್ದು ಸುಳ್ಳು."

ನಾನು ಕಾರಿನ ವೇಗ ಇಳಿಸಿದೆ.

"ಅಲ್ಲಿ ಯಾವ ದೇಶದವರ ಕಛೇರಿಗೆ ಸೇರಬೇಕಾದ್ರೂ ಹಿಂದಿನವರ ಬಿಡುಗಡೆ ಚೀಟಿ ಬೇಕಾಗಿತ್ತು. ಅದಿಲ್ಲದೆ ಗೇಟಿನೊಳಗೂ ಬಿಡ್ತಿರಲಿಲ್ಲ. ಕಾಯಂ ಆದವರಿಗೆ ಮಾತ್ರ ಕೊಡಬೇಕು ಅಂತ ನಿಯಮ. ಅವಳು ಮಗೂನ ಎತ್ಕೊಂಡು ನನ್ನ ಬಾಗಿಲ ಹತ್ರ ನಿಂತು ಕೇಳಿದ್ಲು. ಇಲ್ಲ ಅಂದೆ. ಇದು ಶಾಮಣ್ಣನಿಗೆ ಗೊತ್ತಿಲ್ಲ."

"ಮತ್ತೆ ಸಾರು ಯಾಕೆ ಹಾಕಿಸ್ಕೊಂಡ್ರಿ?" ಎಂದೆ. ನನ್ನ ದನಿ ನನಗೇ ಸಣ್ಣಗೆ ಕೇಳಿಸಿತು.

"ಅಷ್ಟು ಕಷ್ಟಪಟ್ಟು ಹೇಳಿದ. ನಾನು ಕೈ ಅಡ್ಡ ಇಟ್ಟಿದ್ರೆ ನಾನು ನಂಬಲಿಲ್ಲ ಅಂತ ಅವನಿಗೆ ಗೊತ್ತಾಗಿಬಿಡ್ತಿತ್ತು. ಈ ವಯಸ್ಸಿನಲ್ಲಿ ಅವನಿಗೆ ಅದು ಬೇಡ."

ಸ್ಟಾಪ್ ಸೈನ್ ಬಂತು. ನಿಲ್ಲಿಸಿದೆ. ಯಾವ ಕಡೆಯಿಂದಲೂ ಕಾರು ಬರುತ್ತಿರಲಿಲ್ಲ. ರಾಯರು ಮುಂದಿನ ರಸ್ತೆಯನ್ನು ನೋಡುತ್ತಲೇ ಕೇಳಿದರು. "ಅಡುಗೆಮನೇಲಿ ನಿಮ್ಮ ಹತ್ರ ಮಗು ವಿಚಾರ ಏನಾದ್ರೂ ಹೇಳಿದ್ನೆ?"

ನಾನು ಹೂಂ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕಾರು ಮುಂದಕ್ಕೂ ಹೋಗಲಿಲ್ಲ. ಬಲಕ್ಕೆ ತಿರುಗಲು ಹಾಕಿದ್ದ ದೀಪ ಟಿಕ್ ಟಿಕ್ ಎನ್ನುತ್ತಿತ್ತು. ಹಿಂದೆ ಇನ್ನೊಂದು ಕಾರು ಬಂದು ನಿಂತಿತು, ಹಾರನ್ ಹಾಕದೆ ಕಾಯುತ್ತಿತ್ತು.

"ಸರಿ. ಹೋಗೋಣ" ಎಂದರು ರಾಯರು.

ಮನೆಯ ಮುಂದೆ ಇಳಿದವರು ಎಂದಿನಂತೆ ಬಾಗಿಲು ಮೆಲ್ಲಗೆ ಹಾಕಿ, ಟೈ ಸರಿಮಾಡಿಕೊಂಡು, ಊಟ ಚೆನ್ನಾಗಿತ್ತು ಲಲಿತಮ್ಮ ಎಂದರು. ಮುಂದಿನ ಗುರುವಾರ ಮೈ ಸರಿಯಿಲ್ಲವೆಂದು ಬರಲಿಲ್ಲ. ಅದರ ಮುಂದಿನದಕ್ಕೆ ನಾನೇ ಮಜ್ಜಿಗೆಹುಳಿ ಮಾಡಿ ತೆಗೆದುಕೊಂಡು ಹೋದೆ. ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದರು, ಹೀಟರು ಆರಿಸಿದ್ದರು. ಅಪ್ಪ ಹೀಟರು ಹಾಕಲು ಬಿಡುತ್ತಿಲ್ಲ, ಒಳ್ಳೆ ಹಟ ಎಂದು ರಜೆ ಹಾಕಿ ಮನೆಯಲ್ಲಿದ್ದ ವಸುಧಾ ಬಾಗಿಲ ಹತ್ತಿರ ನನ್ನ ಕಿವಿಯಲ್ಲಿ ದೂರು ಹೇಳಿದಳು. ನಾನು ಹೋಗಿ ಕೈ ಮುಟ್ಟಿದೆ. ಕಲ್ಲಿನಂತೆ ತಣ್ಣಗಿತ್ತು. ಹೀಟರು ಹಾಕಲೇ ಎಂದೆ. ಬೇಡ ಎಂದು ತಲೆಯಾಡಿಸಿದರು. ನಾವಿಬ್ಬರು ಆಡಿದ ಕೊನೆಯ ಮಾತು ಅಷ್ಟೇ. ಆ ಚಳಿಗಾಲ ಮುಗಿಯುವುದರೊಳಗೆ ನ್ಯೂಮೋನಿಯಾ ಆಗಿ ಆಸ್ಪತ್ರೆ ಸೇರಿದವರು ತಿರುಗಿ ಗುಡ್ಡ ಹತ್ತಲಿಲ್ಲ.

ಹದಿಮೂರನೆಯ ದಿನದ ಊಟ ವಸುಧಾಳ ಮನೆಯಲ್ಲಿ. ನಾವು ನಾಲ್ಕಾರು ಜನ ಹೆಂಗಸರು ಸೇರಿ ಅಡುಗೆ ಮಾಡಿದೆವು, ಸಾರು ಮಾತ್ರ ಶಾಮಣ್ಣನೇ. ಯಾರಿಗೂ ಪಾತ್ರೆ ಮುಟ್ಟಲು ಬಿಡಲಿಲ್ಲ. ಸ್ಯಾನ್ ಹೋಸೆಯ ವಿಯೆಟ್ನಾಮಿನವರ ಅಂಗಡಿಯಿಂದ ತಂದ ಬಾಳೆಎಲೆ ಫ್ರೀಜರಿನಲ್ಲಿದ್ದು ಕಪ್ಪಗಾಗಿತ್ತು, ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿದೆ. ಅಪ್ಪನಿಗೆಂದು ಒಂದು ಎಲೆ ಬೇರೆ ಇಡೋಣ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸೋಣ ಎಂದಳು ವಸುಧಾ. ಶಾಮಣ್ಣ ಬಂದವರಿಗೆಲ್ಲ ಆ ಭಾನುವಾರದ ಕಥೆ ಹೇಳುತ್ತಿದ್ದರು. ನನ್ನ ಸಾರಿಗೋಸ್ಕರ ರಾಯರು ವ್ರತ ಮುರಿದರು, ಎರಡನೇ ಸಲ ಹಾಕಿಸಿಕೊಂಡರು, ಸಂತೋಷ ಎಂದರು. ವಸುಧಾ ಅದನ್ನು ಕೇಳಿ ಅತ್ತಳು. ಅಕ್ಕಾ, ಅಷ್ಟಾದರೂ ಅಪ್ಪ ನೆಮ್ಮದಿಯಾಗಿ ಹೋದರಲ್ಲ ಎಂದು ನನ್ನ ಹೆಗಲಿಗೆ ಒರಗಿದಳು. ಹೌದು ಎಂದು ಅವಳ ಬೆನ್ನು ಸವರಿದೆ.

ಆ ಎಲೆಗೆ ಉಪ್ಪು, ಉಪ್ಪಿನಕಾಯಿ, ಗೊಜ್ಜು ಬಡಿಸಿ, ನಡುವೆ ಬಿಸಿ ಅನ್ನ ಹಾಕಿದೆ. ಹಬೆ ಏಳುತ್ತಿತ್ತು. ಶಾಮಣ್ಣ ಸಾರಿನ ಪಾತ್ರೆ ಹಿಡಿದು ಬಂದು ಎಲೆಯ ಮುಂದೆ ಮೊಣಕಾಲೂರಿ ಕೂತು, ಸೌಟು ತುಂಬ ತುಂಬಿಕೊಂಡು, ಒಂದು ಕ್ಷಣ ತಡೆದರು. ನಾನೂ ತಡೆದು ನಿಂತೆ. ಅನ್ನದ ಮೇಲೆ ಯಾವ ಕೈಯೂ ಬರಲಿಲ್ಲ. ಶಾಮಣ್ಣ ಸುರಿದರು.